ಹಾಕಿಸಿದ ದೇವಿ, ಬಂದ ದೇವಿ

ಗಡಹಿಂಗ್ಲಜ
ತಾ. 2-7-1978

ಚಿ. ಸೌ. ಹಾಲವ್ವಳಿಗೆ,

ನಿನ್ನ ಅಪ್ಪ ದುಂಡಪ್ಪನ ಆಶೀರ್ವಾದ. ಅಳಿಯ ಕಾಡಪ್ಪನವರಿಗೆ ನಮಸ್ಕಾರ ಹೇಳು. ಅಕ್ಕವ್ವಳ ಎರಡೂ ಗಲ್ಲಕ್ಕೆ ಅಜ್ಜನ ಮುತ್ತು.

ನಿನ್ನ ಎರಡು ಕಾರ್ಡು ಬಂದು ತಿಂಗಳಾಯಿತು, ನಾನು ಒಂದಕ್ಕೂ ಉತ್ತರ ಬರೆದಿಲ್ಲ. ಕಬನೂರಿನಲ್ಲಿ ಕೂಸು ಟಪಾಲಿನವನ ದಾರಿ ಕಾಯುತ್ತಿರುತ್ತದೆ ಎಂದು ನಿನ್ನ ಅವ್ವ ದಿನಾ ಬೈಯುತ್ತಾಳೆ. (ಅವಳ ಲೆಕ್ಕದಲ್ಲಿ ನೀನಿನ್ನೂ ಕೂಸು.) ಒಳ್ಳೆಯ ಸುದ್ದಿ ಸಿಕ್ಕ ಮೇಲೆ ಬರೆಯೋಣ ಎಂದು ತಡೆದಿದ್ದೆ, ತಪ್ಪಾಯಿತು. ಒಳ್ಳೆಯ ಸುದ್ದಿ ಸಿಗುವ ಲಕ್ಷಣವಿಲ್ಲ. ಇದ್ದದ್ದನ್ನೇ ಬರೆಯುತ್ತೇನೆ.

ಹೋದ ತಿಂಗಳು ಮೂರು ಸಲ ಕೊಲ್ಹಾಪುರಕ್ಕೆ ಹೋಗಿ ಬಂದೆ. ನಾನು ಲೆಕ್ಕ ಬರೆಯುವ ಅಡತಿಯ ಸಾಹುಕಾರರು, "ದಿವಾನಜಿ, ನೀವು ನಮ್ಮ ಮೆಣಸಿನಕಾಯಿ ಅಂಗಡ್ಯಾಗ ಕೆಲಸಕ್ಕ ಅದೀರೋ, ಕೊಲ್ಹಾಪುರದ ಕಚೇರ್ಯಾಗ ಅದೀರೋ?" ಎಂದು ಕೇಳಿದರು. ನಗುತ್ತಲೇ ಕೇಳಿದರು, ಆದರೆ ಆ ನಗು ಎಷ್ಟು ದಿನ ಬಾಳುತ್ತದೋ ಕಾಣೆ. ಮೊದಲ ಸಲ ಹೋದಾಗ ಸಾಹೇಬರು ದೌರೆಯ ಮೇಲೆ ಊರೂರು ತಿರುಗಲು ಹೋಗಿದ್ದರು. ಎರಡನೆಯ ಸಲ ಸಾಹೇಬರಿದ್ದರು, ನಮ್ಮ ಫೈಲು ಇರಲಿಲ್ಲ. ಮೂರನೆಯ ಸಲ ಎರಡೂ ಸಿಕ್ಕವು. ಪರಿಹಾರ ಕೊಡಲು ಬರುವುದಿಲ್ಲ ಎಂದು ಫೈಲಿನಲ್ಲಿ ಆಗಲೇ ಬರೆದಿಟ್ಟಿದ್ದರು.

ನಾವು ಅರ್ಜಿಯಲ್ಲಿ ಹೇಳಿದ್ದು ಎಷ್ಟು ಸರಳ! 1974ರ ಜನವರಿಯಲ್ಲಿ ಗಡಹಿಂಗ್ಲಜದ ನಮ್ಮ ಮನೆಯ ಕಟ್ಟೆಯ ಮೇಲೆ, ಮೂರು ವರ್ಷದ ಅಕ್ಕವ್ವಳಿಗೆ ಸರಕಾರದ ದೇವಿ ಡಾಕ್ಟರ ಸಿಡುಬು ಬಾರದಿರಲೆಂದು ದೇವಿ ಹಾಕಿದ. ಮೈ ಮುಟ್ಟಿ ನೋಡಲಿಲ್ಲ, ಮನೆಯವರನ್ನು ಒಂದು ಮಾತು ಕೇಳಲಿಲ್ಲ. ಎಂಟನೆಯ ದಿನ ಬಂದು ತೋಳು ನೋಡಬೇಕಾದವನು ಬರಲೇ ಇಲ್ಲ. ಒಂಬತ್ತನೆಯ ದಿನಕ್ಕೆ ಜ್ವರ ಬಂತು, ಆಮೇಲೆ ಫಿಟ್ಸು. ಅಂಗಳದ ತುಂಬ ಓಡಾಡಿಕೊಂಡಿದ್ದ ಕೂಸಿನ ಬಲಗೈ ಬಲಗಾಲಿನ ಶಕ್ತಿ ಹೋಯಿತು, ಬಾಯಿಯ ಮಾತು ಹೋಯಿತು. ಸರಕಾರ ಹಾಕಿದ ಔಷಧದಿಂದ ಆದದ್ದು, ಸರಕಾರವೇ ಅವಳ ಮುಂದಿನ ದಾರಿ ನೋಡಬೇಕು. ಇದರಲ್ಲಿ ತಿಳಿಯದ್ದೇನಿದೆ?

ಕಚೇರಿಯಲ್ಲಿ ಸುಶೀಲಾಬಾಯಿ ಎಂಬ ಕಾರಕೂನಬಾಯಿ ಇದ್ದಾರೆ. ಅಲ್ಲಿ ಮನುಷ್ಯರನ್ನು ಮನುಷ್ಯರಂತೆ ನೋಡುವವರು ಅವರೊಬ್ಬರೇ. ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ಕಾಗದದ ಒಂದು ಸಾಲಿನ ಮೇಲೆ ಬೆರಳಿಟ್ಟು, "ಆಜೋಬಾ, ತುಮ್ಹೀಚ ಲಿಹೂನ ದಿಲಂಯ ನಾ?" ಎಂದರು. ಅಜ್ಜಾ, ನೀವೇ ಬರೆದು ಕೊಟ್ಟೀರಲ್ಲ ಎಂದು. ನೋಡುತ್ತೇನೆ, 'ಮುಲೀಲಾ ದೇವೀ ಆಲ್ಯಾ' ಎಂದು ಟೈಪ್ ಆಗಿದೆ!

ನಿನಗೆ ಗೊತ್ತಲ್ಲ, ಮರಾಠಿಯಲ್ಲಿ ಲಸಿಕೆ ಹಾಕಿಸಿದರೆ 'ದೇವೀ ಕಾಢಲ್ಯಾ' ಎನ್ನುತ್ತಾರೆ. 'ದೇವೀ ಆಲ್ಯಾ' ಎಂದರೆ ಸಿಡುಬಿನ ಬೇನೆಯೇ ಬಂತು ಎಂದರ್ಥ. ಅದನ್ನು ಹಿಡಿದುಕೊಂಡು ಸಾಹೇಬರು ಬರೆದಿದ್ದಾರೆ: ಅರ್ಜಿದಾರರೇ ಒಪ್ಪಿದಂತೆ ಮಗುವಿಗೆ ಸಿಡುಬು ಬಂದಿತ್ತು, ಆದ್ದರಿಂದ ಲಸಿಕೆಗೂ ಈ ಅಂಗಹೀನತೆಗೂ ಸಂಬಂಧವಿಲ್ಲ. ಒಂದು ಶಬ್ದ ಹಾಲವ್ವಾ, ಒಂದೇ ಒಂದು ಶಬ್ದ!

ಕಚೇರಿಯ ಹೊರಗೆ ಟೈಪ್ ಮಶೀನು ಇಟ್ಟುಕೊಂಡು ಅರ್ಜಿ ಬರೆಯುವವನ ಹತ್ತಿರ ನೆಟ್ಟಗೆ ಹೋದೆ. ಜನ ಕೂಡುವಷ್ಟು ಕೂಗಾಡಿದೆ. ಆ ಪುಣ್ಯಾತ್ಮ ತಲೆ ಎತ್ತದೆ, "ತುಮ್ಹೀ ಸಾಂಗಿತಲಂತ ತೇಚ ಟೈಪ್ ಕೇಲಂ" ಎಂದ. ನಾನು ಹೇಳಿದ್ದನ್ನೇ ಟೈಪ್ ಮಾಡಿದನಂತೆ! ನಾನು ಕನ್ನಡದಲ್ಲಿ ಹೇಳಿದ್ದು, ಅವನು ಮರಾಠಿಯಲ್ಲಿ ಕೇಳಿದ್ದು, ನಡುವೆ ನನ್ನ ಮೊಮ್ಮಗಳ ಬಾಳು ಹೋಯಿತು. ಹೊಸದಾಗಿ ತಿದ್ದಿದ ಅರ್ಜಿ ಕೊಟ್ಟು ಬಂದಿದ್ದೇನೆ. ಸುಶೀಲಾಬಾಯಿ ತಾವೇ ಓದಿ ನೋಡಿ ಒಳಗೆ ಕಳಿಸಿದ್ದಾರೆ.

ಅಕ್ಕವ್ವಳ ಕೈಗೆ ಎಣ್ಣೆ ಹಚ್ಚಿ ತಿಕ್ಕುವುದನ್ನು ಬಿಡಬೇಡ. ಮಗ್ಗದ ನೂಲಿನ ಕಂಡಿಕೆ ಸುತ್ತುತ್ತ ಕುಳಿತರೆ ನಿನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಬೀಗತಿಯವರು ಏನಾದರೂ ಅಂದರೆ ಎದುರು ಮಾತಾಡಬೇಡ. ಎಲ್ಲ ಸರಿಹೋಗುತ್ತದೆ.

ನಿನ್ನ ಅಪ್ಪ,
ದುಂಡಪ್ಪ


ಗಡಹಿಂಗ್ಲಜ
ತಾ. 18-3-1979

ಚಿ. ಸೌ. ಹಾಲವ್ವಳಿಗೆ ಅನೇಕ ಆಶೀರ್ವಾದ.

ಈ ಸಲ ತಡಮಾಡಿಲ್ಲ, ನೋಡು. ಸಿಟ್ಟು ಆರುವ ಮೊದಲೇ ಬರೆಯಬೇಕೆಂದು ಅಂಗಡಿಯಿಂದ ಬಂದವನೇ ಕುಳಿತಿದ್ದೇನೆ. ನಿನ್ನ ಅವ್ವ ಚಹಾ ತಂದಿಟ್ಟು, "ಮೊದಲ ಚಾ ಕುಡೀರಿ, ಆಮ್ಯಾಲ ಸರಕಾರಕ್ಕ ಬೈಯಾಕಂತ್ರಿ" ಎನ್ನುತ್ತಿದ್ದಾಳೆ. ಅವಳಿಗೆ ಎಲ್ಲ ಚೇಷ್ಟೆ.

ತಿದ್ದಿದ ಅರ್ಜಿಗೆ ಎಂಟು ತಿಂಗಳ ಮೇಲೆ ಉತ್ತರ ಬಂದಿದೆ. ಏನು ಉತ್ತರ ಗೊತ್ತೇ? ಆ ವರ್ಷ ಗಡಹಿಂಗ್ಲಜ ತಾಲೂಕಿನಲ್ಲಿ ಸಿಡುಬಿನ ಒಂದು ಪ್ರಕರಣವೂ ದಾಖಲಾಗಿಲ್ಲ, ಆದ್ದರಿಂದ ಮಗುವಿಗೆ ದೇವಿ ಬಂದಿತ್ತೆಂಬ ಅರ್ಜಿದಾರರ ಹೇಳಿಕೆ ಸುಳ್ಳು! ಅಂದರೆ ಹೊಸ ಅರ್ಜಿಯನ್ನು ಫೈಲಿಗೆ ಸೇರಿಸಿ, ಹಳೆಯದನ್ನೇ ಓದಿದ್ದಾರೆ. ಮೊದಲು ದೇವಿ ಬಂದಿತ್ತು, ಅದಕ್ಕೇ ಪರಿಹಾರವಿಲ್ಲ ಅಂದರು. ಈಗ ದೇವಿ ಬಂದೇ ಇರಲಿಲ್ಲ, ಅದಕ್ಕೂ ಪರಿಹಾರವಿಲ್ಲ. ಲಸಿಕೆ ಹಾಕಿದ್ದರ ಬಗ್ಗೆ ಒಂದಕ್ಷರ ಇಲ್ಲ. ಲಸಿಕೆ ಹಾಕಿದ ರಜಿಸ್ಟರು ಕೇಳಿದರೆ ಗೆದ್ದಲು ತಿಂದಿದೆ ಎಂದರು. ಆ ಗೆದ್ದಲಿಗೂ ತಿನ್ನಲು ಅದೇ ವರ್ಷದ್ದು ಬೇಕಾಗಿತ್ತು!

ಸುಶೀಲಾಬಾಯಿಗೆ ಬೇರೆ ಊರಿಗೆ ಬದಲಿಯಾಗಿದೆ. ಅವರ ಕುರ್ಚಿಯಲ್ಲಿ ಕುಳಿತವನು ನನ್ನನ್ನು ನಿಲ್ಲಿಸಿಯೇ ಮಾತಾಡಿಸಿದ.

ಹೋಗಲಿ ಎಂದು, ದೇವಿ ಹಾಕಿದವನನ್ನೇ ಹುಡುಕಿಕೊಂಡು ಹೊರಟೆ. ಕೃಷ್ಣಾತ ಎಂದು ಅವನ ಹೆಸರು, ಪೆನ್ಶನ್ ಆಗಿ ಚಂದಗಡದ ಹತ್ತಿರ ತನ್ನ ಹಳ್ಳಿಯಲ್ಲಿದ್ದಾನೆ. ಬಸ್ಸು ಇಳಿದು ಭತ್ತದ ಗದ್ದೆಗಳ ಬದುವಿನ ಮೇಲೆ ಅರ್ಧ ತಾಸು ನಡೆಯಬೇಕು. ದಾರಿಯುದ್ದಕ್ಕೂ ಅವನಿಗೆ ಏನೇನು ಅನ್ನಬೇಕೆಂದು ಮನಸಿನಲ್ಲಿ ಜೋಡಿಸಿಕೊಂಡೇ ಹೋದೆ. ಅಲ್ಲಿ ನೋಡಿದರೆ ಮೊಣಕಾಲು ಹಿಡಿದ ಒಬ್ಬ ಮುದುಕ. ನನ್ನನ್ನು ಕಂಡು ಎದ್ದು ನಿಲ್ಲಲು ಹೋಗಿ ಮತ್ತೆ ಕುಳಿತ. ನನ್ನ ಮಾತೆಲ್ಲ ಕೇಳಿಸಿಕೊಂಡು ಅಂದ:

"ಸಾವಿರಗಟ್ಲೆ ಕೂಸುಗೋಳಿಗೆ ಹಾಕೀನ್ರಿ ದಿವಾನಜಿ. ಹಳ್ಳಿ ಹಳ್ಳಿ ಅಡ್ಡಾಡಿ ಈ ಕಾಲ ಸವದಾವು. ನಮ್ಮ ದೇಶದಾಗ ದೇವಿ ಬ್ಯಾನಿ ಈಗ ಇಲ್ಲಂತ ರೇಡಿಯೋದಾಗ ಹೇಳಿದ್ರ ನನಗ ಕಣ್ಣಾಗ ನೀರ ಬಂದಾವ. ನಿಮ್ಮ ಮಾರಿ ನೋಡಿದ್ರ ಗೊತ್ತಾಗತೈತಿ, ಆ ಬ್ಯಾನಿ ಹ್ಯಾಂಗಿರತೈತಿ ಅಂತ ನಾ ನಿಮಗ ಹೇಳಬೇಕಾಗಿಲ್ಲ."

ನನ್ನ ಮುಖದ ಕಲೆಗಳನ್ನು ನೋಡುತ್ತ ಅಂದದ್ದು ಅದು. ಆಮೇಲೆ ಅವನೇ, ನಿಮ್ಮ ಮೊಮ್ಮಗಳ ನೆನಪು ನನಗಿಲ್ಲ, ಆದರೆ ಆ ಓಣಿಗೆ ಬಂದದ್ದು ನಾನೇ, ಎಂಟನೆಯ ದಿನ ಬರಲಾಗಲಿಲ್ಲ, ಮೂವತ್ತು ಹಳ್ಳಿಗೆ ನಾನೊಬ್ಬನೇ ಇದ್ದೆ ಎಂದು ಒಪ್ಪಿಕೊಂಡ. ಕಾಗದ ಮುಂದಿಟ್ಟರೆ ಹಾಗೆಯೇ ಬರೆದು ಸಹಿ ಮಾಡಿದ. ಪೆನ್ಶನ್ನಿಗೆ ತೊಂದರೆಯಾದೀತು ಎಂದು ನಾನೇ ಎಚ್ಚರಿಸಿದೆ. "ಖರೇ ಮಾತಿಗೆ ಏನ್ ಹೆದರೂದ್ರಿ" ಎಂದ. ಬೈಯಲು ಹೋದವನು ಅವನ ಮನೆಯ ಚಹಾ ಕುಡಿದು ಬಂದೆ.

ಹೊರಡುವಾಗ ಒಂದು ಮಾತು ಕೇಳಿದ. "ಜ್ವರ ಬಂದ ಎಷ್ಟನೇ ದಿವಸಕ್ಕ ಡಾಕ್ಟರಗ ತೋರಿಸಿದ್ರಿ?" ಬಸ್ಸಿಗೆ ಹೊತ್ತಾಗಿತ್ತು, ಎದ್ದು ಬಂದೆ.

ಈ ಸಹಿಯ ಕಾಗದದ ಮೇಲೆ ಕೋರ್ಟಿಗೆ ಹೋಗಬಹುದು ಎಂದು ತಿಳಿದವರು ಹೇಳುತ್ತಾರೆ. ದಾವೆ ಅಳಿಯಂದಿರ ಹೆಸರಿನಲ್ಲಿ ಅಕ್ಕವ್ವಳ ಪರವಾಗಿ ಹಾಕಬೇಕಂತೆ. ಅವರನ್ನು ಮಗ್ಗದ ಪಾಳಿ ಬಿಡಿಸಿ ಒಂದು ದಿನ ಕೊಲ್ಹಾಪುರಕ್ಕೆ ಕಳಿಸು. ಮಿರಜದ ದೊಡ್ಡ ಡಾಕ್ಟರರಿಗೆ ಅಕ್ಕವ್ವಳನ್ನು ನಾನೇ ಕರೆದೊಯ್ದು ತೋರಿಸುತ್ತೇನೆ.

ನಿನ್ನ ಅಪ್ಪ,
ದುಂಡಪ್ಪ


ಗಡಹಿಂಗ್ಲಜ
ತಾ. 4-10-1981

ಚಿ. ಸೌ. ಹಾಲವ್ವಳಿಗೆ,

ಅಪ್ಪ ಅವ್ವ ಇಬ್ಬರ ಆಶೀರ್ವಾದ. ದಸರೆಗೆ ಬರಬೇಕೆಂದು ನೀನು ಕರೆದು ಇಪ್ಪತ್ತು ದಿನವಾಯಿತು, ನಾನು ಈಗ ಬರೆಯುತ್ತಿದ್ದೇನೆ. ಕನ್ನಡಕದ ಒಂದು ಗಾಜು ಒಡೆದಿತ್ತು ಎಂಬುದು ನೆಪ. ನಿನ್ನ ಪತ್ರವನ್ನು ನಾಲ್ಕೈದು ಸಲ ಓದಿದೆ, ಉತ್ತರ ಬರೆಯುವ ಧೈರ್ಯ ಬರಲಿಲ್ಲ ಎಂಬುದು ನಿಜ.

ಮೊದಲು ಕೋರ್ಟಿನ ಸುದ್ದಿ. ದಾವೆ ಹಾಕಿ ಎರಡು ವರ್ಷವಾಗುತ್ತ ಬಂತು. ಇಷ್ಟರಲ್ಲಿ ಎಷ್ಟು ತಾರೀಖು ಬಿದ್ದವು ಎಂದು ಎಣಿಸುವುದನ್ನೇ ಬಿಟ್ಟಿದ್ದೇನೆ. ಒಮ್ಮೆ ನ್ಯಾಯಾಧೀಶರು ರಜೆ. ಒಮ್ಮೆ ಸರಕಾರಿ ವಕೀಲರ ಮನೆಯಲ್ಲಿ ಮದುವೆ. ಒಮ್ಮೆ ಕಾಗದಗಳು ಮುಂಬಯಿಗೆ ಹೋಗಿದ್ದವು, ಏಕೆ ಹೋಗಿದ್ದವು ಎಂದು ಯಾರಿಗೂ ತಿಳಿಯದು. ಅಳಿಯಂದಿರು ಪಾಳಿ ಬಿಟ್ಟು ಕಬನೂರಿನಿಂದ ಬಂದು, ಕೋರ್ಟಿನ ಮೆಟ್ಟಿಲ ಮೇಲೆ ಭಡಂಗ ಚುರುಮುರಿ ತಿಂದು ವಾಪಸು ಹೋದದ್ದೇ ಬಂತು. ಒಂದು ದಿನವೂ ಅವರು ಬೇಸರದ ಮಾತಾಡಲಿಲ್ಲ. ನಾನಾಗಿದ್ದರೆ ಮಾವನ ಮೋರೆ ನೋಡುತ್ತಿರಲಿಲ್ಲ.

ನಮ್ಮ ವಕೀಲ ಕುಂಥುನಾಥರು ಒಳ್ಳೆಯವರು. ಕನ್ನಡದಲ್ಲೇ ಮಾತಾಡುತ್ತಾರೆ, ಹಾಗಾಗಿ ಒಂದು ಶಬ್ದಕ್ಕೆ ಇನ್ನೊಂದು ಆಗುವ ಭಯವಿಲ್ಲ. ಕೃಷ್ಣಾತ ಕೋರ್ಟಿಗೆ ಬಂದು ಮೊಣಕಾಲು ನೋವಿನಲ್ಲೇ ನಿಂತು ಹೇಳಿಕೆ ಕೊಟ್ಟ. ಮಿರಜದ ಡಾಕ್ಟರರು, ಲಸಿಕೆಯಿಂದ ಅಪರೂಪಕ್ಕೆ ಹೀಗೆ ಮಿದುಳಿಗೆ ಜ್ವರ ಏರಬಹುದು, ಇದರಿಂದಲೇ ಆಯಿತು ಎಂದು ಮಾತ್ರ ಖಂಡಿತ ಹೇಳಲಾಗದು ಎಂದು ಬರೆದುಕೊಟ್ಟಿದ್ದಾರೆ. ಇದಕ್ಕೆ ಸರಕಾರದ ಕಡೆಯವರ ಉತ್ತರ: ಲಸಿಕೆಯಿಂದ ಅಲ್ಲ, ಮನೆಯವರು ಔಷಧೋಪಚಾರ ಮಾಡದೆ ಬಿಟ್ಟದ್ದರಿಂದ ಆಗಿದೆ.

ಮೊನ್ನೆ ಕುಂಥುನಾಥರು ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು, "ದುಂಡಪ್ಪನವರ, ಈಗ ಎಲ್ಲಾ ನಿಂತಿರೂದು ನಿಮ್ಮ ಒಂದ ಮಾತಿನ ಮ್ಯಾಲ. ಕೂಸಿನ್ನ ಮೊದಲ ನೋಡಿದ ಗಡಹಿಂಗ್ಲಜದ ಡಾಕ್ಟರ ತೀರಿಕೊಂಡಾರ, ಅವರ ಚೀಟಿ ಇಲ್ಲ. ಜ್ವರ ಬಂದ ದಿವಸನ ದವಾಖಾನಿಗೆ ಒಯ್ದಿವಿ ಅಂತ ನನಗ ಹೇಳೀರಲ್ಲ, ಅದನ್ನ ಕಟಕಟ್ಯಾಗ ನಿಂತ ಹೇಳ್ರಿ. ಅಲ್ಲಿಗೆ ಅವರ ಬಾಯಿ ಮುಚ್ಚತೈತಿ." ಇದೇ 19ಕ್ಕೆ ನನ್ನ ಸಾಕ್ಷಿ. ಗೆದ್ದರೆ ಅಕ್ಕವ್ವಳನ್ನು ಕೊಲ್ಹಾಪುರದಲ್ಲಿ ಅಂಥ ಮಕ್ಕಳ ಶಾಲೆಯಲ್ಲಿ ಇಡಬಹುದು. ಕೈಯಿಂದ ಏನಾದರೂ ಕೆಲಸ ಕಲಿತಾಳು. ನಾವೆಲ್ಲ ಹೋದ ಮೇಲೂ ಅವಳಿಗೆ ಒಂದು ಆಸರೆ ಆಗುತ್ತದೆ.

ಅವಳು ಎಡಗೈಯಿಂದ ರೊಟ್ಟಿ ಮುರಿದು ನಿನ್ನ ಬಾಯಿಗಿಟ್ಟಳು ಎಂದು ಬರೆದಿದ್ದೀಯಲ್ಲ, ಅದನ್ನು ನಿನ್ನ ಅವ್ವಳಿಗೆ ಓದಿ ಹೇಳಿದೆ. ಎರಡು ಸಲ ಓದಿಸಿದಳು.

ಇನ್ನು ನಿನ್ನ ಪತ್ರದ ಕೊನೆಯ ಮಾತು. ಬೀಗತಿಯವರು ನಾಲ್ಕು ಮಂದಿಯ ಮುಂದೆ, "ಕೂಸಿಗೆ ದೇವಿ ಹಾಕಸ್ರಿ ಅಂತ ಅಪ್ಪಗ ಕಾರ್ಡ ಬರದಾಕಿ ನೀನ. ನಿನ್ನ ಕೈಯಾರೆ ನಿನ್ನ ಮಗಳಿನ್ನ ಹಾಳ ಮಾಡಿದಿ" ಅಂದರೆಂದು ಬರೆದಿದ್ದೀ. ಅದಕ್ಕಿಂತ ಹೆಚ್ಚು ನನ್ನನ್ನು ಚುಚ್ಚಿದ್ದು ಅದರ ಕೆಳಗೆ ನೀನು ಬರೆದ ಸಾಲು: 'ಅತ್ತೆ ಅಂದದ್ದು ಖರೆ ಅನಿಸುತ್ತದೆ ಅಪ್ಪಾ.' ಹಾಗೆ ಅಂದುಕೊಳ್ಳಬೇಡ. ಆ ವರ್ಷ ನೀನು ಅತ್ತೆಯ ಕಾಯಿಲೆ ನೋಡುತ್ತ, ಎರಡು ಪಾಳಿಯ ಕಂಡಿಕೆ ಸುತ್ತುತ್ತ, ಕೂಸನ್ನು ನಮ್ಮಲ್ಲಿ ಬಿಟ್ಟಿದ್ದೆ. ಊರಿಗೆಲ್ಲ ಹಾಕುತ್ತಿದ್ದಾರೆ, ಅಕ್ಕವ್ವಳಿಗೂ ಹಾಕಿಸಿ ಎಂದು ಬರೆದೆ. ಯಾವ ತಾಯಿಯಾದರೂ ಹಾಗೇ ಬರೆಯುತ್ತಿದ್ದಳು.

ದಸರೆಗೆ ಬರಲಾಗುವುದಿಲ್ಲ, ಅಂಗಡಿಯಲ್ಲಿ ಹಬ್ಬದ ಪೂಜೆ ಇದೆ. ನಿನ್ನ ಅವ್ವ ನಾಲ್ಕು ಕಡಬು ಕಟ್ಟಿ ಯಾರ ಕೈಯಲ್ಲಾದರೂ ಕಳಿಸುತ್ತಾಳೆ. ನಿನಗೂ ಅಳಿಯಂದಿರಿಗೂ ದೇವರು ಆಯುಷ್ಯ ಕೊಡಲಿ, ಅಕ್ಕವ್ವಳಿಗೆ ನನ್ನ ಆಯುಷ್ಯವನ್ನೂ ಕೊಡಲಿ. ಬೀಗತಿಯವರಿಗೆ ನಮಸ್ಕಾರ.

ನಿನ್ನ ಅಪ್ಪ,
ದುಂಡಪ್ಪ

ತಾ.ಕ. — ಪತ್ರ ಮಡಚಿ ಅಂಟಿಸಲು ಹೋದವನು ಮತ್ತೆ ಬಿಚ್ಚಿದ್ದೇನೆ. 'ಹಾಗೆ ಅಂದುಕೊಳ್ಳಬೇಡ' ಎಂದು ಬರೆದು, ಏಕೆ ಎಂದು ಬರೆಯದೆ ಸಹಿ ಮಾಡಿಬಿಟ್ಟೆ. ಏಳು ವರ್ಷದಿಂದ ಹೀಗೇ ಮಾಡುತ್ತ ಬಂದಿದ್ದೇನೆ.

ಜ್ವರ ಬಂದ ದಿವಸವೇ ದವಾಖಾನೆಗೆ ಒಯ್ದೆವು ಎಂದು ನಿನಗೆ ಹೇಳಿದ್ದು ಸುಳ್ಳು. ಒಯ್ದದ್ದು ಐದನೆಯ ದಿನ.

ಕೂಸಿನ ತೋಳು ಬಾತು, ಮೈ ಮೇಲೆ ನಾಲ್ಕು ಗುಳ್ಳೆ ಎದ್ದು, ಜ್ವರ ಬಂದಾಗ, "ದೇವಿ ಬಂದಾಳ" ಎಂದವನು ನಾನು. ಹಾಕಿಸಿದ್ದೂ ದೇವಿ, ಬಂದವಳೂ ದೇವಿ, ನನಗೆ ಅದರಲ್ಲಿ ಭೇದ ಕಾಣಲಿಲ್ಲ. ಏಳು ವರ್ಷದವನಿದ್ದಾಗ ನನಗೆ ಬಂದಿತ್ತು. ನನ್ನ ತಾಯಿ ಬೇವಿನ ಸೊಪ್ಪಿನ ಮೇಲೆ ಒಂಬತ್ತು ದಿನ ಮಲಗಿಸಿ, ಯಾರನ್ನೂ ಒಳಗೆ ಬಿಡದೆ ಉಳಿಸಿಕೊಂಡಳು. ಅದೇ ಬೇನೆಯಲ್ಲಿ ನನ್ನ ತಂಗಿಯನ್ನು ಚಕ್ಕಡಿಯಲ್ಲಿ ಹಾಕಿಕೊಂಡು ಡಾಕ್ಟರರ ಹತ್ತಿರ ಹೊರಟರು, ಅವಳು ದಾರಿಯಲ್ಲೇ ಹೋದಳು. ಅದು ನನ್ನ ತಲೆಯಲ್ಲಿ ಕೂತಿತ್ತು. ದೇವಿ ಬಂದ ಮನೆಯಿಂದ ಕೂಸನ್ನು ಹೊರಗೆ ಒಯ್ಯಬಾರದು, ಸೂಜಿ ಚುಚ್ಚಿಸಬಾರದು ಎಂದು ಹಟ ಹಿಡಿದೆ.

ನೀನು ಇಷ್ಟು ದಿನ, ತಡವಾಗಿದ್ದರೆ ಅದು ಅವ್ವನ ಮಡಿ-ಮೈಲಿಗೆಯಿಂದ ಎಂದುಕೊಂಡಿರಬಹುದು. ಅಲ್ಲ. ಎರಡನೆಯ ದಿನವೇ ನಿನ್ನ ಅವ್ವ ಯಮುನವ್ವ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಬಾಗಿಲಿಗೆ ಬಂದಿದ್ದಳು. "ಇದು ದೇವಿ ಅಲ್ರಿ, ಕೂಸಿನ ಕಣ್ಣ ಬ್ಯಾರೆ ಆಗ್ಯಾವ. ಡಾಕ್ಟರ ಕಡೆ ನಡೀರಿ" ಎಂದು ಬೇಡಿಕೊಂಡಳು. ನಾನು ಬಾಗಿಲಿಗೆ ಅಡ್ಡ ನಿಂತೆ. "ಓದು ಬರಹ ಇಲ್ಲದಾಕಿ, ನಿನಗೇನ್ ತಿಳೀತೈತಿ, ಒಳಗ ನಡಿ" ಎಂದೆ. ನಾಲ್ಕನೆಯ ದಿನದ ತನಕ ಅಕ್ಕವ್ವ ಮಾತಾಡುತ್ತಿದ್ದಳು. ನೀರು ಕೇಳಿದಳು, ನಿನ್ನನ್ನು ಕೇಳಿದಳು. ಐದನೆಯ ದಿನ ಬೆಳಿಗ್ಗೆ ಫಿಟ್ಸು ಬಂದ ಮೇಲೆ ನಾನು ಓಡಿದೆ. "ಇಷ್ಟ ದಿವಸ ಏನ್ ಮಾಡಾಕತ್ತಿದ್ರಿ?" ಎಂದು ಆ ಡಾಕ್ಟರು ಕೇಳಿದಾಗ ನಿನ್ನ ಅವ್ವ ನೆಲ ನೋಡುತ್ತ ನಿಂತಿದ್ದಳು, ನನ್ನ ಹೆಸರು ಹೇಳಲಿಲ್ಲ. ಇಂದಿನವರೆಗೂ ಹೇಳಿಲ್ಲ.

ಮೊದಲ ದಿನವೇ ತಂದಿದ್ದರೆ ಉಳಿಯುತ್ತಿತ್ತೇ ಎಂದು ಮಿರಜದ ಡಾಕ್ಟರರನ್ನು ಒಬ್ಬನೇ ಹೋಗಿ ಕೇಳಿದೆ. "ಹೇಳಾಕ ಬರೂದಿಲ್ರಿ ಅಜ್ಜಾರ" ಎಂದರು. ಹೌದು ಅಂದಿದ್ದರೆ ಅತ್ತು ಮುಗಿಸುತ್ತಿದ್ದೆ, ಇಲ್ಲ ಅಂದಿದ್ದರೆ ನಿದ್ದೆ ಮಾಡುತ್ತಿದ್ದೆ. ಅವರ ಉತ್ತರ ಹಿಡಿದುಕೊಂಡು ಏನು ಮಾಡಲಿ? ಅರ್ಜಿ ಬರೆದವನದೂ ತಪ್ಪಲ್ಲ ಹಾಲವ್ವಾ. 'ದೇವಿ ಬಂದಳು' ಎಂದು ನಾನೇ ಹೇಳಿದ್ದೆ, ಅವನು ಅದನ್ನೇ ಟೈಪ್ ಮಾಡಿದ. ನಾನು ಕಚೇರಿಗಳ ಮೇಲೆ ಇಷ್ಟು ವರ್ಷ ಕೂಗಾಡಿದ್ದರಲ್ಲಿ ಅರ್ಧ ಸಿಟ್ಟು ಅವರ ಮೇಲಿನದಲ್ಲ.

ಎಂಟನೆಯ ದಿನ ಬರಬೇಕಾದವನನ್ನು ಕಳಿಸದ್ದು, ಜ್ವರ ಬಂದರೆ ಏನು ಮಾಡಬೇಕೆಂದು ಯಾರೂ ಹೇಳದ್ದು ಸರಕಾರದ ತಪ್ಪು, ಅದನ್ನು ಈಗಲೂ ಬಿಡುವುದಿಲ್ಲ. ಆದರೆ 19ಕ್ಕೆ ನಾನು ಐದನೆಯ ದಿನ ಎಂದರೆ ದಾವೆ ಬಿದ್ದರೂ ಬೀಳಬಹುದು. ದಾವೆ ಅಕ್ಕವ್ವಳದು, ನನ್ನದಲ್ಲ. ಆದ್ದರಿಂದ ನೀನೂ ಅಳಿಯಂದಿರೂ ಕೂಡಿ ವಿಚಾರ ಮಾಡಿ ಒಂದು ಕಾರ್ಡು ಬರೆಯಿರಿ. ಸುಳ್ಳು ಹೇಳು ಎಂದು ನೀವು ಬರೆದರೂ ಪ್ರಯತ್ನ ಮಾಡುತ್ತೇನೆ. ನಾಲಿಗೆ ಹೊರಳುತ್ತದೋ ಇಲ್ಲವೋ ತಿಳಿಯದು.

ಕೋರ್ಟಿನಲ್ಲಿ ಏನೇ ಆಗಲಿ, ಒಂದು ಕೆಲಸ ಮಾತ್ರ ಈ ಪತ್ರ ಮುಟ್ಟಿದ ದಿನವೇ ಮಾಡು. ನಿನ್ನ ಅತ್ತೆಗೆ ಓದಲು ಬರುವುದಿಲ್ಲ. ಅಂದು ಕೂಡಿದ್ದ ಆ ನಾಲ್ಕು ಮಂದಿಯನ್ನೂ ಕರೆದು ಕೂರಿಸಿ, ಈ ತಾ.ಕ. ಪೂರ್ತಿ ಓದಿ ಹೇಳು. 'ಬಾಗಿಲಿಗೆ ಅಡ್ಡ ನಿಂತವನು ನನ್ನಪ್ಪ' ಎಂಬಲ್ಲಿ ದನಿ ಇಳಿಸಬೇಡ.